ಅಕ್ಕಿ ಬಂದ ದಿನದ ಜ್ವರ

ಎಲ್ಲರ ಚಪ್ಪಾಳೆ ನಿಂತ ಮೇಲೂ ಒಂದು ಚಪ್ಪಾಳೆ ಉಳಿದುಬಿಟ್ಟಿದೆ, ಹಿಂದಿನ ಸಾಲಿನಿಂದ, ಬಾಗಿಲ ಪಕ್ಕದಿಂದ, ಒಣಗಿದ ಹಲಗೆಗೆ ಹಲಗೆ ಬಡಿದ ಹಾಗೆ — ಸುಪ್ರಿಯಾ ಉಚಿತ ಯೋಜನೆಗಳ ಚರ್ಚಾಸ್ಪರ್ಧೆಯ ತೀರ್ಪುಗಾರರ ಮೇಜಿನಿಂದ ತಲೆ ಎತ್ತಿ ನೋಡುತ್ತಾಳೆ, ಗುತ್ಯಮ್ಮ, ಅಣ್ಣ ದಿನೇಶನ ಮನೆಗೆ ಅಡಿಕೆ ಸುಲಿಯಲು ಬರುವ ಗುತ್ಯಮ್ಮ, ಕುರ್ಚಿಯ ತುದಿಯಲ್ಲಿ ಇನ್ನೇನು ಎದ್ದುಬಿಡುವವಳ ಹಾಗೆ ಕೂತು ವೇದಿಕೆಯ ಮೇಲಿನ ಮಗಳು ರೇಣುಕಾಳಿಗೆ ಚಪ್ಪಾಳೆ ತಟ್ಟುತ್ತಿದ್ದಾಳೆ, ಹಸಿ ಅಡಿಕೆಯ ಚೊಗರು ಹತ್ತಿ ಕಪ್ಪಾದ ಎರಡು ಕೈ, ಯಾವ ಸೋಪಿಗೂ ಬಿಡದ ಕಪ್ಪು. ನಿಲ್ಲಿಸು ಮಾರಾಯ್ತಿ, ನಿನ್ನ ಮಗಳು ಏನು ಹೇಳಿದಳು ಎಂದು ಗೊತ್ತಾಯಿತೇ ನಿನಗೆ, ಅಕ್ಕಿ ಬಂದ ದಿನ ನಮ್ಮ ಕೇರಿಯ ಹೆಂಗಸರಿಗೆಲ್ಲ ಜ್ವರ ಬರುತ್ತದೆ ಸಭಿಕರೇ, ಅಂದಳು, ರಿಪ್ಪನ್‌ಪೇಟೆಯ ಈ ಸಭಾಭವನ ಪೂರ್ತಿ ನಕ್ಕಿತು, ಪಕ್ಕದಲ್ಲಿ ಕೂತ ಇನ್ನೊಬ್ಬ ತೀರ್ಪುಗಾರ ಗೌರೀಶ್ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಎಂಥಾ ಪಂಚ್ ಮೇಡಂ, ಅವರ ಪೈಕಿ ಹುಡುಗಿ ಅಂತ ಗೊತ್ತೇ ಆಗಲ್ಲ ನೋಡಿ. ಅವರ ಪೈಕಿ. ಸುಪ್ರಿಯಾ ಮುಗುಳ್ನಕ್ಕಳು, ಸಾಗರದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷ ಇದೇ ಮುಗುಳ್ನಗೆಯಿಂದ ದಾಟಿಕೊಂಡು ಬಂದಿದ್ದಾಳೆ, ಮಾತನ್ನು ಅಳೆದು, ಸೋಸಿ, ಯಾರೂ ತಿರುಗಿ ನೋಡದ ಹಾಗೆ ಇಟ್ಟು. ಆ ವಾಕ್ಯ ಹುಡುಗಿಯದ್ದಲ್ಲ ಸರ್, ಅನ್ನಬೇಕಿತ್ತು, ಅದು ನನ್ನ ಅಣ್ಣನದ್ದು, ಹೋದ ಭಾನುವಾರ ನಮ್ಮ ಅಂಗಳದಲ್ಲಿ ಎಲ್ಲರೆದುರು ಅಂದದ್ದು, ಬಂದ್ಯಾ ಗುತ್ಯಮ್ಮ, ಅಕ್ಕಿ ಬಂದ ದಿನ ನಿಂಗೆ ಜ್ವರ ಬರ್ತದಲ್ಲ, ಗೌರ್ಮೆಂಟ್ ಜ್ವರನಾ ಅದು, ಸುಲಿಯುವ ಹೆಂಗಸರೆಲ್ಲ ನಕ್ಕರು, ನಗದಿದ್ದರೆ ನಾಳೆ ಕೆಲಸ ಇದೆಯೋ ಇಲ್ಲವೋ, ಗುತ್ಯಮ್ಮನೂ ನಕ್ಕಳು, ಹೌದ್ರಾ ಒಡೇರೆ, ಮೈಯೆಲ್ಲ ಬಿಸಿ ಇತ್ತು. ಬಿಸಿ ಇದ್ದದ್ದು ನ್ಯಾಯಬೆಲೆ ಅಂಗಡಿಯ ಮುಂದಿನ ಬಿಸಿಲು, ಸುಲಿದು ಸುಲಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪದೆ, ಕೈ ತೊಳ್ಕೊಂಡು ಬಾ, ಎಣ್ಣೆ ಹಚ್ಕೊಂಡು ಬಾ, ಸರ್ವರ್ ಬಂದಿಲ್ಲ ನಿಂತ್ಕೋ, ಎಂದು ಸಂಜೆಯವರೆಗೆ ನಿಲ್ಲಿಸಿಕೊಂಡಿದ್ದರು — ಇದನ್ನು ಅವಳು ಹೇಳಿದ್ದು ಸುಪ್ರಿಯಾಳಿಗೆ ಮಾತ್ರ, ಹಿತ್ತಲಲ್ಲಿ, ತನ್ನ ಲೋಟ ತಾನೇ ತೊಳೆದು ಹೊರಗಿನ ಗೂಡಿನಲ್ಲಿ ಬೋರಲು ಹಾಕುತ್ತಾ. ಆ ಲೋಟ ಈಗಲೂ ಒಳಗೆ ಬರುವುದಿಲ್ಲ. ಸುಪ್ರಿಯಾಳ ಅಜ್ಜ ಮಾಸ್ತಪ್ಪ ಇದೇ ಗೌರೀಶ್ ಸರ್ ಮನೆಯಂಥ ಮನೆಯ ಹಿತ್ತಲಲ್ಲಿ ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದವನು, ಗೇಣಿ ಅಳೆದು ಅಳೆದು ಬೆನ್ನು ಬಾಗಿದವನು, ಉಳುವವನೇ ಒಡೆಯ ಎಂಬ ಕಾನೂನು ಬಂದು, ಡಿಕ್ಲರೇಶನ್ ಕೊಟ್ಟು ಜಮೀನು ಕೈಗೆ ಬಂತು, ಮನೆ ಕಟ್ಟಿದರು, ಕಟ್ಟುವಾಗ ಗೋಡೆಯಲ್ಲಿ ಒಂದು ಗೂಡು ಬಿಟ್ಟರು, ಎಷ್ಟು ನೆನಪಿನಿಂದ ಬಿಟ್ಟರು.

ಸಮಯ ಮುಗಿದ ಗಂಟೆ, ರೇಣುಕಾ ಮುಗಿಸುತ್ತಿದ್ದಾಳೆ, ಉಚಿತ ಬಸ್ಸಿನಲ್ಲಿ ಊರೂರು ತಿರುಗುವ ನಮ್ಮ ಅಮ್ಮಂದಿರಿಗೆ ದುಡಿಮೆಯ ಬೆಲೆ ಕಲಿಸೋಣ, ಮತ್ತೆ ನಗು, ಯಾವ ಉಚಿತ ಬಸ್ಸು, ಈ ದಾರಿಯಲ್ಲಿ ಓಡುವುದೆಲ್ಲ ಖಾಸಗಿ ಬಸ್ಸು, ತಾಯಿ ಮಗಳು ಬೆಳಿಗ್ಗೆ ಟಿಕೆಟ್ ತೆಗೆದುಕೊಂಡೇ ಬಂದದ್ದು, ಒಂದು ದಿನದ ಸಂಬಳ ಬಿಟ್ಟು ಬಂದದ್ದು, ಬಂದು ಇದನ್ನು ಕೇಳುವುದಕ್ಕೆ. ಚಹಾದ ಹೊತ್ತಿಗೆ ಹುಡುಗಿಯ ಮೇಷ್ಟ್ರು ಉದಯ್ ಎಷ್ಟು ಹೆಮ್ಮೆಯಿಂದ ಹೇಳಿಕೊಂಡ, ಇವ್ಳು ವಿರೋಧ ಮಾತಾಡ್ತೀನಿ ಅಂತಿದ್ಲು ಮೇಡಂ, ನಾನೇ ಪರ ಹಾಕ್ದೆ, ಉಚಿತ ಯೋಜನೆ ಜನರನ್ನ ಹಾಳು ಮಾಡ್ತು ಅಂತ ನಾವು ನೀವು ಹೇಳೋದು ಬೇರೆ, ಅವ್ರ ಬಾಯಲ್ಲೇ ಬಂದ್ರೆ ಎಫೆಕ್ಟೇ ಬೇರೆ. ನಾವು ನೀವು ಅಂದಾಗ ಅವನ ಕಣ್ಣು ಒಂದು ಗಳಿಗೆ ಸುಪ್ರಿಯಾಳ ಮೇಲೆ ತಡವರಿಸಿತು, ಅದೂ ಕಂಡಿತು, ಅವಳಿಗೆ ಎಲ್ಲ ಕಾಣುತ್ತದೆ. ಇಲ್ಲಿ ಪ್ರಥಮ ಬಂದವರ ಡಿಗ್ರಿ ಓದಿನ ಖರ್ಚು ಪೂರ್ತಿ ಸ್ಪರ್ಧೆ ನಡೆಸುವ ಟ್ರಸ್ಟಿನದ್ದು, ಉಚಿತ, ಅದಕ್ಕೆ ಮಾತ್ರ ಪ್ರತಿಭಾ ಪುರಸ್ಕಾರ ಎಂದು ಹೆಸರು, ಆ ಓದಿನಿಂದ ಯಾರೂ ಸೋಮಾರಿಯಾಗುವುದಿಲ್ಲ. ಏನ್ ಯೋಚನೆ ಮೇಡಂ, ಗೌರೀಶ್ ಸರ್ ಪೆನ್ನಿನಿಂದ ಮೇಜು ಕುಟ್ಟುತ್ತಾರೆ, ತಮಾಷೆಗೆ ಹೇಳ್ತೀನಿ ಬೇಜಾರಾಗ್ಬೇಡಿ, ನಿಮ್ಮಜ್ಜಂಗೂ ಒಂದು ಭಾಗ್ಯ ಬಂದಿತ್ತಲ್ಲ, ಆಗ ಅದಕ್ಕೆ ಡಿಕ್ಲರೇಶನ್ ಅಂತಿದ್ರು. ಬೇಜಾರೇನಿಲ್ಲ ಸರ್, ಅನ್ನುತ್ತದೆ ಬಾಯಿ, ಕೈ ಅಂಕಪಟ್ಟಿಯನ್ನು ಎಳೆದುಕೊಳ್ಳುತ್ತದೆ, ಯಾರ ಮೇಲೆ ಈ ಸಿಟ್ಟು, ಇವರ ಮೇಲೋ, ದಿನೇಶನ ಮೇಲೋ, ಉದಯನ ಮೇಲೋ, ಇವರಲ್ಲಿ ಯಾರಿಗೂ ಅಂಕ ಕೊಡುವ ಅಧಿಕಾರ ಅವಳಿಗಿಲ್ಲ, ಇರುವುದು ಆ ಹುಡುಗಿಯ ಮೇಲೆ, ಹೆತ್ತವಳನ್ನು ನಿಲ್ಲಿಸಿ ಊರನ್ನು ನಗಿಸಿದ ಆ ಹುಡುಗಿಯ ಮೇಲೆ, ಪೆನ್ನು ತಾನಾಗಿ ಇಳಿಯುತ್ತದೆ, ರೇಣುಕಾ, ವಿಷಯ ಮಂಡನೆ, ಕಡಿಮೆ, ಇನ್ನೂ ಕಡಿಮೆ. ವಿರೋಧ ಮಾತಾಡಿದ ವಂದನಾಳಿಗೆ ಜಾಸ್ತಿ, ತೀರ್ಥಹಳ್ಳಿ ಕಡೆಯ ತೋಟದ ಮನೆಯ ಹುಡುಗಿ, ಪಾಪದ ಬಡವರ ಬಗ್ಗೆ ನಮಗೆ ಕರುಣೆ ಇರಬೇಕು ಎಂದಳು, ಇರಲಿ, ಕರುಣೆಯಾದರೂ ಇತ್ತಲ್ಲ, ತಾಯಿಯನ್ನು ಮಾರಲಿಲ್ಲವಲ್ಲ. ಸಹಿ.

ಮೈಕು ಕಿರುಚುತ್ತದೆ, ಪ್ರಥಮ ವಂದನಾ, ದ್ವಿತೀಯ ರೇಣುಕಾ, ಅಯ್ಯೋ ನಾನು ಅವ್ಳೇ ಫಸ್ಟ್ ಅಂದ್ಕೊಂಡಿದ್ದೆ, ಎನ್ನುತ್ತಾರೆ ಗೌರೀಶ್ ಸರ್, ಸುಪ್ರಿಯಾ ಎದ್ದು ನಿಲ್ಲುತ್ತಾಳೆ, ಬಹುಮಾನ ಕೊಡುವುದೂ ಅವಳೇ, ಸ್ಟೀಲಿನ ಡಬ್ಬಿ, ಹೊಳೆಯುವ ಕಾಗದ, ರೇಣುಕಾ ಬಾಗಿ ಕಾಲು ಮುಟ್ಟಲು ಬರುತ್ತಾಳೆ, ಬೇಡ ಬೇಡ, ಹತ್ತಿರದಿಂದ ಎಷ್ಟು ಚಿಕ್ಕ ಮುಖ, ಕೇಳಬಾರದಿತ್ತು, ಆದರೆ ಬಾಯಿ ಕೇಳಿಬಿಟ್ಟಿತು, ಮೆಲ್ಲಗೆ, ಆ ಜ್ವರದ ಮಾತು ಅಮ್ಮನ ಎದುರೇ ಹೇಳಬೇಕಿತ್ತಾ ನೀನು. ಹುಡುಗಿ ಡಬ್ಬಿಯನ್ನು ಎದೆಗೊತ್ತಿಕೊಂಡು ಅವಳನ್ನೇ ನೋಡಿದಳು. ಅಮ್ಮನೇ ಹೇಳಿಕೊಟ್ಟಿದ್ದು ಮೇಡಂ, ನಾನು ಬೇಡ ಅಂದೆ, ಸೇರ್ಸು ಅಂದ್ಲು, ನಿಮ್ಮನೆ ಅಂಗಳದಲ್ಲಿ ಎಲ್ರೂ ನಕ್ಕಿದ್ರಲ್ಲ, ಇಲ್ಲಿರೋರೂ ಅಂಥೋರೇ, ನಗ್ತಾರೆ, ನಕ್ರೆ ಫಸ್ಟ್ ಕೊಡ್ತಾರೆ, ಓದು ಮುಂದೆ ಹೋಗ್ತದೆ ಅಂದ್ಲು — ಫೋಟೋದವನು ಈ ಕಡೆ ನೋಡಿ ಈ ಕಡೆ ನೋಡಿ ಅನ್ನುತ್ತಿದ್ದಾನೆ, ನೋಡಬೇಕು, ನಗಬೇಕು, ಹಾಗಾದರೆ ಆ ಒಂಟಿ ಚಪ್ಪಾಳೆ, ಎಲ್ಲರ ನಗು ಮುಗಿದ ಮೇಲೂ ತಟ್ಟುತ್ತಿದ್ದದ್ದು, ಅರ್ಥವಾಗದೆ ಅಲ್ಲ, ಅಂದುಕೊಂಡದ್ದು ಆಯಿತು ಎಂದು, ನಕ್ಕರು ಎಂದು, ಇನ್ನು ಮಗಳು ಓದುತ್ತಾಳೆ ಎಂದು, ಅಷ್ಟು ದೂರ ಲೆಕ್ಕ ಹಾಕಿ ತನ್ನನ್ನೇ ತಂದು ಸಭೆಯ ನಡುವೆ ಇಟ್ಟವಳು, ಎಲ್ಲರೂ ನಗುವರೆಂದು ಗೊತ್ತಿತ್ತು ಅವಳಿಗೆ, ನಗದ ಒಬ್ಬಳು ಮೇಜಿನ ಹಿಂದೆ ಪೆನ್ನು ಹಿಡಿದು ಕೂತಿರುತ್ತಾಳೆಂದು ಮಾತ್ರ ಗೊತ್ತಿರಲಿಲ್ಲ — ಎರಡನೇ ಬಹುಮಾನಕ್ಕೆ ಯಾರೂ ಬಹಳ ಹೊತ್ತು ತಟ್ಟುವುದಿಲ್ಲ, ಸಭೆ ಕುರ್ಚಿ ಸರಿಸುತ್ತಿದೆ, ಬಾಗಿಲ ಪಕ್ಕ, ಆ ಎರಡು ಕೈ, ಈಗಲೂ, ಕಪ್ಪು, ತಟ್ಟುತ್ತಲೇ