ಹೊತ್ತು ಮುಳುಗುವ ಮೊದಲೇ

ಚಮಚದ ಅಂಚಿಗೆ ಬಂದು ನಿಂತ ಹಳದಿ ಹನಿ, ಬೀಳುತ್ತದೆ, ಇಲ್ಲ, ನರ್ಸ್ ಲಕ್ಷ್ಮಿಬಾಯಿ ಕೈ ಸರಿಮಾಡಿಕೊಂಡಳು, ಎಣ್ಣೆಯ ವಾಸನೆ, ಅದೇ ವಾಸನೆ, ನಾಲ್ಕು ವರ್ಷವಾಯಿತು — ಕೂಸನ್ನು ಗಟ್ಟಿಯಾಗಿ ಹಿಡಿದುಕೊ ಜಿನಮತಿ, ಹಳೆಯದನ್ನು ನೆನೆಯಬೇಡ, ನನಗೆ ನಾನೇ ಹೇಳಿಕೊಂಡೆ, ಮಗಳು ಕುಸುಮಾಳ ಮೈಯಲ್ಲಿ ಬರೀ ಎಲುಬು, ಮೈತುಂಬ ಕೆಂಪಗೆ ಗೋವರ, ಅದೇ ದಡಾರ, ಎದ್ದು ಹೋಗಿ ಹದಿನೈದು ದಿನ, ಗುಳ್ಳೆ ಒಣಗುವುದರೊಳಗೆ ಜುಲಾಬು ಹಿಡಿಯಿತು, ಉಷ್ಣಾ ಹೊರಗ ಬೀಳಾಕತ್ತೈತಿ, ಬೀಳಲಿ ಬಿಡು ಅಂದರು ಅತ್ತೆ, ದೊಡ್ಡ ಮಗ ಬಾಹುಬಲಿಗೆ ಗೋವರ ಬಂದಾಗಲೂ ಹಾಗೇ ಅಂದಿದ್ದರು, ಆಗ ಅವನಿಗೆ ಮೂರು ವರ್ಷ, ನಾನೂ ಹೂಂ ಅಂದೆ, ಜಾಣೆ. ಆಮೇಲೆ ನಮ್ಮೂರು ಸತ್ತಿಯಿಂದ ಅಥಣಿ, ಅಥಣಿಯಿಂದ ಮಿರಜದ ಬಸ್ಸು, ಮಡಿಲಲ್ಲಿ ಕಣ್ಣು ಮುಚ್ಚಿಕೊಂಡ ಮಗ, ಡಾಕ್ಟರು ರೆಪ್ಪೆ ಎತ್ತಿ ನೋಡಿ, ಎರಡೂ ಕಣ್ಣು ಹೋಗ್ಯಾವ ಅಂದರು, ಇವು ಮೂರು ಬ್ಯಾರೆ ಬ್ಯಾರೆ ರೋಗ ಅಲ್ಲ ತಾಯಿ, ಗೋವರ ಮೈಯಾಗಿನ ಸತ್ವ ಹೀರತೈತಿ, ಉಳಿದದ್ದನ್ನ ಜುಲಾಬು ತೊಳಕೊಂಡ ಹೋಗತೈತಿ, ಆಮ್ಯಾಲ ಕಣ್ಣು ಒಣಗತಾವ, ಮೊದಲ ಸಂಜಿಮುಂದ ಕಾಣೂದಿಲ್ಲ, ನಿಮ್ಮ ಲಕ್ಷಕ್ಕ ಬರಲಿಲ್ಲೇನು?

ಬರಲಿಲ್ಲ, ಹೇಗೆ ಬರಬೇಕು, ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ, ಮೊದಲೇ ತಾಟು ತೊಳೆದಿಟ್ಟು ಮೊದಲೇ ಮಕ್ಕಳನ್ನು ಮಲಗಿಸಿ, ದೀಪ ಹಚ್ಚುವ ಹೊತ್ತಿಗೆ ಯಾವ ಮಗುವಿನ ಕೈಯೂ ಏನನ್ನೂ ಹುಡುಕುವುದಿಲ್ಲ, ಶಾಣ್ಯಾ ಅದಾನ, ಲಗೂ ಮಲಗತಾನ ಎಂದು ಹಿಗ್ಗಿದ್ದೆನಲ್ಲ, ಅಯ್ಯೋ ನನ್ನ ಹಿಗ್ಗೇ. ನಮ್ಮ ಹೊಲಕ್ಕೆ ಬರುವ ಸುಂದರಾಳ ಮಗ ಮಬ್ಬುಗತ್ತಲಲ್ಲಿ ಉಣ್ಣುವವನು, ರೊಟ್ಟಿ ಮುಂದ ಇಟ್ರ ನೆಲಾ ತಡವ್ತಿತ್ತರಿ ಅಕ್ಕಾರ, ಎತಗೊಂಡು ನರ್ಸಬಾಯಿ ಕಡೆ ಓಡಿದೆ ಎಂದಿದ್ದಳು, ಅವನೀಗ ಕುರಿ ಕಾಯುತ್ತಾನೆ, ದೂರದ ಗುಡ್ಡದ ಮೇಲಿನ ಮರಿಯನ್ನೂ ಗುರುತು ಹಿಡಿಯುತ್ತಾನೆ. ಅದಕ್ಕೇ ನಿನ್ನೆ ಕುಸುಮಾಳನ್ನು ಮಲಗಗೊಡಲಿಲ್ಲ, ಅತ್ತೆ ಬೈದರು, ಬೈಯಲಿ, ಮಬ್ಬಾಗುವವರೆಗೆ ಪಡಸಾಲೆಯಲ್ಲಿ ಕೂರಿಸಿ ಅವಳ ಅರಿವೆಯ ಗೊಂಬೆಯನ್ನು ಮುಂದೆ ಹಿಡಿದು ತಗೋ ಅಂದೆ, ಪುಟ್ಟ ಕೈ ಗೊಂಬೆಯನ್ನು ದಾಟಿ ಹೋಯಿತು, ಗಾಳಿಯಲ್ಲಿ ತಡವಿತು, ನನ್ನ ಗಲ್ಲ ಸಿಕ್ಕಿತು, ಒದ್ದೆಯಾಗಿತ್ತು. ಬೆಳಕು ಹರಿಯುತ್ತಲೇ ಸುಂದರಾಳನ್ನು ಲಕ್ಷ್ಮಿಬಾಯಿಯ ಮನೆಗೆ ಓಡಿಸಿದೆ.

ವ್ಯಾಳ್ಯಾಕ ಹಿಡದೀರಿ ವೈನಿ, ಕಣ್ಣಿನ ಜೀವಸತ್ವದ ಎಣ್ಣಿ ಇದು, ಇವತ್ತೊಂದು ನಾಳೆ ಒಂದು ಹಾಕೂಣು, ಕಾಣತೈತಿ, ಅಂಜಬ್ಯಾಡ್ರಿ, ಅನ್ನುತ್ತಾಳೆ ಲಕ್ಷ್ಮಿಬಾಯಿ. ಅಂಜುತ್ತೇನೆ, ಈ ಚಮಚಕ್ಕೇ ಅಂಜುತ್ತೇನೆ, ಆ ಬೇಸಿಗೆಯಲ್ಲಿ, ಗೋವರ ಬರುವ ಮೊದಲು, ಇವಳೇ ಬಂದು ಬಾಹುಬಲಿಯ ಬಾಯಿಗೂ ಹಾಕಿದ್ದಳು, ಹಾಕಿ ಪಕ್ಕದ ಮನೆಗೆ ಹೋದಳು, ಅತ್ತೆ ಒಳಗಿಂದ, ಮೀನಿನೆಣ್ಣಿ ಇದ್ದೀತು ನೋಡ, ಪಾಪ ಕಟಗೊಂಡಿ — ಆಗ ನಾನು, ಅತ್ತೆಯಲ್ಲ, ನಾನೇ, ಅವನ ಗಲ್ಲ ಒತ್ತಿ ಬಾಯಿ ತೆರೆಸಿ ಸೆರಗಿನಿಂದ ನಾಲಿಗೆ ಒರೆಸಿದೆ, ಒಂದು ಸಲವಲ್ಲ, ಮೂರು ಸಲ, ಹಳದಿ ಹೋಗುವವರೆಗೆ, ಸಿಹಿ ಐತಿ ಬೇ, ಇನ್ನೊಂಚೂರ ಬೇ ಎಂದು ಅತ್ತ. ಲಕ್ಷ್ಮಿಬಾಯಿ ತಿರುಗಿ ಬಂದು, ಪೂರಾ ನುಂಗಿದನೇನು ಎಂದು ಕೇಳಿದಳು, ಹೌದ್ರಿ, ಕುಡದಾನ್ರಿ ಅಂದೆ. ಮಿರಜದ ಡಾಕ್ಟರಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ, ಬಸದಿಯಲ್ಲಿ ಕೈಮುಗಿದು ನಿಂತಾಗಲೂ ಬಾಯಿ ಬರಲಿಲ್ಲ, ಮೀನಿನದೇನು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು, ಇವತ್ತು ಕೇಳಿದೆ, ಲಕ್ಷ್ಮಿಬಾಯಿ ನಕ್ಕಳು, ಮೀನ ಎಲ್ಲೀದರಿ, ಕಾರಖಾನೇದಾಗ ಮಾಡಿದ್ದು. ನಗುತ್ತಾಳೆ, ಅವಳಿಗೇನು ಗೊತ್ತು.

ಆ ಅನ್ನು ಪುಟ್ಟಿ, ಹಾಂ, ಚಮಚ ಒಳಗೆ ಹೋಯಿತು, ಗುಟುಕ್, ನುಂಗಿದಳು, ನನ್ನ ಕೈ ತಾನಾಗಿ ಸೆರಗಿಗೆ ಹೋಗಿತ್ತು, ಬಿಡು, ಬಿಡು ಅದನ್ನು, ಬಿಟ್ಟೆ — ಕಂಬಕ್ಕೆ ಒರಗಿ ಕೂತ ಬಾಹುಬಲಿ ಮುಖವೆತ್ತುತ್ತಾನೆ, ಏಳು ವರ್ಷದವನು, ಒಂದು ದಿನವೂ ಈ ಮಾತು ಎತ್ತಿದವನಲ್ಲ, ಮರೆತಿದ್ದಾನೆ ಎಂದುಕೊಂಡಿದ್ದೆ, ಸಿಸ್ಟರಬಾಯಿ, ನನಗೂ ಹಾಕ್ರಿ, ನಂದು ಅವ್ವ ವರಸಿಬಿಟ್ಲು. ಲಕ್ಷ್ಮಿಬಾಯಿಯ ಕೈ ನಿಂತಿತು, ಅತ್ತೆಯ ಜಪಮಣಿ ನಿಂತಿತು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಅವನೊಬ್ಬನನ್ನು ಬಿಟ್ಟು, ಅವನು ಬಾಯಿ ಅಗಲಿಸಿ ನಾಲಿಗೆ ಚಾಚಿದ್ದಾನೆ, ಹಳದಿಯಿಲ್ಲದ ನಾಲಿಗೆ, ಚಾಚಿ ಕಾಯುತ್ತಿದ್ದಾನೆ, ನಾಲಿಗೆ, ಇನ್ನೂ ಚಾಚಿಯೇ ಇದ್ದಾನೆ