ಮೂರನೇ ಮನೆ

ಐದನೇ ಪ್ರಶ್ನೆಯ ಉತ್ತರವೂ ಮೂರನೇ ಮನೆಯಲ್ಲೇ ಬಂದಾಗ ಅಫಜಲಪುರದ ಶಾಲೆಯಲ್ಲಿ ಕೂತ ಉಮೇದುವಾರರು ಬೆವರಿದ ಬೆವರಿಗೆ ಭೀಮೆಗೆ ಮಹಾಪೂರ ಬರಬೇಕಿತ್ತು, ಅದೇಕೋ ಬರಲಿಲ್ಲ. ಖಾಲಿಯಿದ್ದ ಮಾಸ್ತರಿಕೆ ಒಂದೇ. ಹೈದರಾಬಾದಿನ ಹುಕುಮಿನಂತೆ ನಡೆದ ಪರೀಕ್ಷೆಯೋ ಹೊಸ ನಮೂನೆಯದು: ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಮನೆ, ನಾಲ್ಕು ಉತ್ತರ, ಸರಿಯಾದದ್ದರ ಮೇಲೆ ಗೀಟು.

ಹಿರೋಳ್ಳಿಯ ಗೌರಾಬಾಯಿ ಆರನೆಯದಕ್ಕೂ ಮೂರನೇ ಮನೆಗೇ ಗೀಟು ಎಳೆದಳು. ಪಕ್ಕದಲ್ಲಿದ್ದ ದೇವಿಂದ್ರಪ್ಪ, ಪಂಚಾಂಗವನ್ನು ಹಿಂದುಮುಂದಾಗಿ ಒಪ್ಪಿಸಬಲ್ಲ ಘನಪಂಡಿತ, ಬಾಗಿ ಪಿಸುಗುಟ್ಟಿದ.

“ಎಲ್ಲಾ ಒಂದೇ ಸಾಲಿನಾಗ ಯಾರಿಡ್ತಾರಬೇ? ನಾ ಎರಡು ಅತ್ತಿತ್ತ ಸರಿಸೇನಿ. ನೀನೂ ಸರಿಸು.”

“ನಿನಗ ಉತ್ತರ ಗೊತ್ತಿಲ್ಲೇನು?”

“ಗೊತ್ತದ. ಆದ್ರ ಸಾಲು ನೋಡಿದ್ರ ಅಂಜಿಕಿ ಬರ್ತದ.”

ಗೌರಾಬಾಯಿಗೂ ಬಂದಿತ್ತು. ಇಲ್ಲಿ ಸೋತರೆ ಮತ್ತೆ ಮೈದುನರ ಮನೆಯ ಒಲೆ. ಗಂಡ ತೀರಿದ ಮೇಲೆ ಆ ಒಲೆಯ ಮುಂದೆ ಅವಳು ತಟ್ಟಿದ ರೊಟ್ಟಿ ಸಾಲಾಗಿ ಇಟ್ಟರೆ ಆಳಂದದಿಂದ ಜೇವರ್ಗಿಗೆ ಹೋಗಿ ತಿರುಗಿ ಬರುತ್ತಿತ್ತು. ಆದರೂ ಹತ್ತಕ್ಕೆ ಹತ್ತೂ ಮೂರನೇ ಮನೆ.

ಶಾಲೆಗಳ ಇನ್ಸ್‌ಪೆಕ್ಟರ್ ಖುರ್ಷಿದ ಸಾಹೇಬರು ಇಲ್ಲಿ ಕೆಮ್ಮಿದರೆ ಮೂರು ತಾಲ್ಲೂಕಿನ ಮಾಸ್ತರರು ಎದ್ದು ನಿಲ್ಲುತ್ತಿದ್ದರು. ಅವರು ಹಾಳೆ ನೋಡಿ ಅವಳನ್ನು ಮೇಜಿನ ಬಳಿ ಕರೆದರು.

“ಕಣ್ಣು ಮುಚ್ಚಿ ಗೀಟು ಎಳದೀ ಏನು, ಬಾಯಿ?”

“ಒಂದು ತಪ್ಪು ತೋರಸ್ರಿ.”

ಸಾಹೇಬರು ದನಿ ತಗ್ಗಿಸಿದರು. “ತಪ್ಪಿಲ್ಲ. ಮೊದಲನೇದು ಸಲೀಸು, ಕಡೀದು ಎದ್ದು ಕಾಣ್ತದ ಅಂತ ಪ್ರತಿ ಪ್ರಶ್ನಿದೂ ಉತ್ತರ ನಾನೇ ಮೂರನೇ ಮನ್ಯಾಗ ಮುಚ್ಚಿಟ್ಟೇನಿ. ಈಗ ಮ್ಯಾಲಿನವರು ನೋಡಿದ್ರ ನಾನೂ ನೀನೂ ಕೂಡಿ ಮಾಡೇವಿ ಅಂತಾರ.” ರಬ್ಬರು ಮುಂದೆ ಸರಿಸಿದರು. “ಒಂದು ಅಳಿಸಿ ಬ್ಯಾರೆ ಮನೀಗಿ ಹಾಕು. ಒಂಬತ್ತಾದ್ರೂ ನೌಕರಿ ನಿಂದೇ. ಇಲ್ಲಾಂದ್ರ ಹಾಳಿ ರದ್ದು.”

“ಯಾವುದು ಅಳಿಸ್ಲಿರಿ? ಭೀಮಾ ಕೃಷ್ಣಾಕ್ಕ ಕೂಡ್ತದ ಅನ್ನೋದಾ? ನೀವು ಕೃಷ್ಣಾನ ಮೂರನೇ ಮನ್ಯಾಗ ಇಟ್ಟೀರಂತ ಭೀಮಾ ಗೋದಾವರಿಗಿ ಹೋಗ್ತದೇನು?”

ನೊಣಗಳೂ ರೆಕ್ಕೆ ಮಡಚಿ ಕೂತವು.

“ನೌಕರಿ ಹೋಗ್ತದ, ಬಾಯಿ.”

“ಹೋಗ್ಲಿರಿ. ನದಿ ಇದ್ದಲ್ಲೇ ಇರ್ಲಿ.”

ಅವಳು ಪೆನ್ಸಿಲ್ ಎತ್ತಿ, ಎಳೆದಿದ್ದ ಗೀಟುಗಳನ್ನೇ ಮೇಲಿನಿಂದ ಕೆಳಗಿನತನಕ ಒಂದೊಂದಾಗಿ ಮತ್ತೆ ಒತ್ತಿ ಎಳೆದಳು. ಹಾಳೆ ಹರಿದು ಮೊನೆ ಮೇಜಿನ ತೇಗದ ಹಲಗೆಗೆ ಇಳಿಯಿತು. ಸಾಹೇಬರು ರಬ್ಬರನ್ನು ಜೇಬಿಗೆ ಹಾಕಿಕೊಂಡು, ಹರಿದ ಹಾಳೆಯ ಕೆಳಗೆ ರುಜು ಹಾಕಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೇಜಿನ ಹಿಂದೆ ಗೌರಾಬಾಯಿ ಕೂತಿದ್ದಳು. ಹಲಗೆಯ ಮೇಲೆ ಒಂದರ ಕೆಳಗೊಂದು ಗೀರುಗಳು. ಪಾಠ ಒಪ್ಪಿಸಲು ಬಂದ ಮಕ್ಕಳು ಅವುಗಳಲ್ಲಿ ಹುಣಸೆಬೀಜ ನಿಲ್ಲಿಸುತ್ತಿದ್ದವು.