ಮುಂಗೋಣೆಯ ಚಾವಣಿ

ನನ್ನ ಅಳಿಯ ಕ್ಲಿಫ್ ಕಾರ್ಪೆಟ್ ಗಿರಣಿಯಲ್ಲಿ ಸುರುಳಿ ಸುತ್ತಿ ಕಟ್ಟುವ ಕೆಲಸದವನು. ಕೊಳವೆ, ಬೆಸುಗೆ, ಬಾಯ್ಲರ್ ಇವೆಲ್ಲ ಅವನ ಏಳು ತಲೆಮಾರಿನಲ್ಲಿ ಯಾರೂ ಮುಟ್ಟಿದ್ದಲ್ಲ. ಅಂಥವನು ಆ ಜನವರಿಯಲ್ಲಿ ಲೈಬ್ರರಿಯಿಂದ ಒಂದು ಪುಸ್ತಕ ತಂದು, ಬಿಸಿನೀರು ಹರಿದು ಕೋಣೆ ಕಾಯಿಸುವ ಎರಡು ರೇಡಿಯೇಟರು, ಆ ನೀರು ಕಾಯಿಸಲು ಒಂದು ಬಾಯ್ಲರು, ಒಂದು ಹೊರೆ ತಾಮ್ರದ ಕೊಳವೆ ತರಿಸಿಕೊಂಡು ನನ್ನ ಮನೆಯ ಮಹಡಿಯ ಹಲಗೆ ಕೀಳಲು ಕೂತಾಗ, ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿಕೊಂಡು ಮೊಳೆ ಕೀಳುತ್ತಲೇ ಇದ್ದ.

ಕೀಳದೆ ವಿಧಿಯಿರಲಿಲ್ಲ. ನನ್ನ ಮಗಳು ಮೋರೀನ್‌ಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮಗು ಏಳು ವಾರದಿಂದ ಆಸ್ಪತ್ರೆಯಲ್ಲೇ ಇತ್ತು. ಹೇಗೋ ಐದು ಪೌಂಡು ತೂಗುವಷ್ಟಾಯಿತು ಅನ್ನುವಾಗ ಆ ವಾರ್ಡಿನಲ್ಲಿ ಮಕ್ಕಳಿಗೆ ಭೇದಿ ಶುರುವಾಯಿತು. ಸೋಮವಾರ ಪಕ್ಕದ ತೊಟ್ಟಿಲು ಖಾಲಿಯಾಯಿತು. ಆ ಮಗು ಮನೆಗೆ ಹೋದದ್ದಲ್ಲ. ಎಷ್ಟು ಬೇಗ ಕರೆದುಕೊಂಡು ಹೋದರೆ ಅಷ್ಟು ಒಳ್ಳೆಯದು ಅಂದರು ಡಾಕ್ಟರು. ಆದರೆ ಮಗು ಮಲಗುವ ಕೋಣೆ ಹಗಲೂ ರಾತ್ರಿ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿರಬೇಕು, ಕಲ್ಲಿದ್ದಲಿನ ಹೊಗೆ ಸೋಕಬಾರದು, ಆರೋಗ್ಯ ಇಲಾಖೆಯ ನರ್ಸ್ ಬಂದು ನೋಡಿ ಸಹಿ ಹಾಕಬೇಕು. ಯಾರ್ಕ್‌ಷೈರಿನ ಗುಡ್ಡದ ಮೇಲಿನ ಮನೆ ನಮ್ಮದು. ಮಹಡಿಯ ಕೋಣೆಯಲ್ಲಿ ಬೆಳಗ್ಗೆ ಕಿಟಕಿಯ ಒಳಮೈಗೇ ಮಂಜು ಕಟ್ಟಿರುತ್ತಿತ್ತು. ಕೆಲಸ ಬಲ್ಲವರನ್ನು ಕೇಳಿದರೆ ಈಸ್ಟರ್ ಹಬ್ಬದ ತನಕ, ಅಂದರೆ ಇನ್ನೆರಡು ಮೂರು ತಿಂಗಳು, ಪುರುಸೊತ್ತಿಲ್ಲ ಅಂದರು. ಅಲ್ಲಿಯವರೆಗೆ ಮಗು... ಅನ್ನುವ ಮಾತನ್ನು ನಮ್ಮಲ್ಲಿ ಯಾರೂ ಪೂರ್ತಿ ಮಾಡಲಿಲ್ಲ.

ಒಂಬತ್ತು ದಿನ ಕ್ಲಿಫ್ ಗಿರಣಿಯಿಂದ ಬಂದವನೇ ಮೊಣಕಾಲೂರುತ್ತಿದ್ದ. ಮೊದಲು ಎಲ್ಲ ಕೊಳವೆಗಳನ್ನೂ ಬರಿದೇ ಒಂದಕ್ಕೊಂದು ಸಿಕ್ಕಿಸಿ ನೋಡಿ, ಆಮೇಲೆ ಉರಿ ಉಗುಳುವ ಬೆಂಕಿದೀಪ ಹಿಡಿದು ಒಂದೊಂದೇ ಸಂದಿಗೆ ಬೆಸುಗೆ ಹಾಕುತ್ತಾ ಹೋಗಬೇಕಂತೆ, ಪುಸ್ತಕದಲ್ಲಿ ಹಾಗಿದೆಯಂತೆ. ಅವನ ಎರಡು ಬೆರಳು ಸುಟ್ಟು ಗುಳ್ಳೆ ಎದ್ದವು. ಒಂದು ದಿನ ಅಳತೆ ತಪ್ಪಿ ಕೊಳವೆ ಕುಯ್ದು, ಹಲಗೆಗಳ ನಡುವೆ ಕೂತು ಅತ್ತುಬಿಟ್ಟ. ನಾನು ಮೆಟ್ಟಿಲ ಮೇಲಿಂದ ನೋಡಿದೆ, ಕೆಳಗಿಳಿದು ಹೋದೆ. ಸಮಾಧಾನ ಹೇಳುವುದು ನನಗೆ ಬಂದಿದ್ದರೆ ತಾನೆ.

ಮುಂಗೋಣೆಯ ವಿಷಯದಲ್ಲಿ ಮಾತ್ರ ನಾನು ಮೊದಲೇ ಖಡಾಖಂಡಿತ ಹೇಳಿದ್ದೆ. ಅಲ್ಲಿಗೆ ರೇಡಿಯೇಟರೂ ಬೇಡ, ಗೀಡಿಯೇಟರೂ ಬೇಡ. ನಮ್ಮ ಬೀದಿಯಲ್ಲಿ ಮುಂಗೋಣೆ ಅಂದರೆ ಕೂರುವ ಕೋಣೆಯಲ್ಲ. ಪಾದ್ರಿ ಬಂದರೆ, ಮದುವೆಯಾದರೆ, ಹೆಣ ಇಟ್ಟರೆ ಬಾಗಿಲು ತೆಗೆಯುತ್ತೇವೆ. ನನ್ನ ಗಂಡ ಹ್ಯಾರಲ್ಡ್ ಕ್ರಾಬ್‌ಟ್ರೀಯನ್ನು ಅಲ್ಲಿಂದಲೇ ಮಣ್ಣಿಗೆ ಕಳಿಸಿಕೊಟ್ಟದ್ದು. ಪಿಯಾನೊ, ಗಾಜಿನ ಬೀರು, ಅಮ್ಮನ ಕಾಲದ ಬಟ್ಟಲುಗಳು ಎಲ್ಲ ಅಲ್ಲಿವೆ. ವಾರಕ್ಕೊಮ್ಮೆ ನಾನು ಒರೆಸಿ ಬೀಗ ಹಾಕಿದರೆ ಆಯಿತು, ಬೇರೆ ಯಾರೂ ಕಾಲಿಡುವಂತಿರಲಿಲ್ಲ.

ಬುಧವಾರ ಬೆಳಗ್ಗೆ ಗ್ಯಾಸಿನವನು ಬಂದು ಬಾಯ್ಲರಿಗೆ ಗ್ಯಾಸು ಕೊಟ್ಟುಹೋದ. ಗಿರಣಿಗೆ ರಜೆ ಹಾಕಿದ್ದ ಕ್ಲಿಫ್ ನೀರು ತುಂಬಿಸಿದ. ಕೊಳವೆಗಳು ಕುಟುಕುಟು ಅಂದವು, ಒಂದು ಗಂಟೆಯಲ್ಲಿ ಮಹಡಿಯ ರೇಡಿಯೇಟರು ಕೈ ಇಡಲಾಗದಷ್ಟು ಕಾಯಿತು. ಅವನು ಹುಚ್ಚನ ಹಾಗೆ ಮನೆಯೆಲ್ಲ ಓಡಾಡಿ, ಅಡುಗೆಮನೆಯ ಚಾವಣಿ, ಮೆಟ್ಟಿಲ ಸಂದು, ಬಾಯ್ಲರಿನ ಬುಡ ಎಲ್ಲ ತಡವಿ ನೋಡಿದ. ಆಮೇಲೆ ನನ್ನ ಮುಂದೆ ಬಂದು ನಿಂತ.

"ಅಮ್ಮ, ಮುಂಗೋಣೆ ಬೀಗ ಸ್ವಲ್ಪ ತೆಗೀರಿ. ಮಗು ಕೋಣೆ ಕೊಳವೆಯೆಲ್ಲ ಅದರ ಮೇಲೇ ಹೋಗಿದೆ, ಮೇಲೆ ಹಲಗೆಗೆಲ್ಲ ಮೊಳೆ ಹೊಡೆದಾಯ್ತು. ಚಾವಣಿ ಒಂದ್ಸಲ ನೋಡ್ಬಿಡ್ತೀನಿ."

"ಆ ಬೂಟಲ್ಲಿ? ನಾಳೆ ನರ್ಸು ಬರ್ತಾಳೆ ಅಂತ ಈಗಷ್ಟೇ ಪಾಲಿಶ್ ಮಾಡಿದೀನಿ ಕಣಪ್ಪ."

"ಬೂಟು ಬಿಚ್ತೀನಮ್ಮ."

"ಕಾಲುಚೀಲ ಅದಕ್ಕಿಂತ ಕೊಳಕು. ಸೋರಿದ್ರೆ ನಂಗೆ ಕೇಳ್ಸಲ್ವಾ? ಕಿವಿ ಇನ್ನೂ ಸತ್ತಿಲ್ಲ."

ಅವನು ಹೋಗಿ ಬಾಯ್ಲರಿನ ಬುಡವನ್ನೇ ಮತ್ತೆ ತಡವಿದ. ಸಂಜೆ ಇನ್ನೊಂದು ಸಲ ಕೇಳಿದ. ಬೀಗದ ಕೈ ನನ್ನ ಏಪ್ರನ್ನಿನ ಜೇಬಲ್ಲಿತ್ತು. ನಾನು ಆಲೂಗಡ್ಡೆ ಹೆರೆಯುತ್ತಾ ಕೇಳಿಸದವಳ ಹಾಗೆ ಕೂತೆ.

ಗುರುವಾರ ಹತ್ತು ಗಂಟೆಗೆ ನರ್ಸ್ ಮಿಸ್ ಗ್ರೀನ್‌ವುಡ್ ಬಂದಳು. ಸೀದಾ ಮಹಡಿ ಹತ್ತಿ ತೊಟ್ಟಿಲ ಪಕ್ಕ ಥರ್ಮಾಮೀಟರ್ ಇಟ್ಟು, ಗಡಿಯಾರ ನೋಡುತ್ತಾ ನಿಂತಳು. ಎಪ್ಪತ್ತೊಂದು. ಕ್ಲಿಫ್ ಗೋಡೆಗೆ ಒರಗಿಬಿಟ್ಟ. ಅವಳು ನಕ್ಕು, ಇದನ್ನೆಲ್ಲ ನೀವೊಬ್ಬರೇ ಮಾಡಿದಿರಾ ಅಂತ ಕೇಳಿದಳು. ಚೀಲದಿಂದ ಕಾಗದ ತೆಗೆದು, ಸಹಿಯನ್ನು ಕೆಳಗೆ ಅಡುಗೆಮನೆಯ ಮೇಜಿನ ಮೇಲೆ ಹಾಕಿಕೊಡುತ್ತೇನೆ ಅಂದಳು.

ಅಡುಗೆಮನೆ ಸಾಕು ಅಂತ ಅವಳೇ ಹೇಳಿದಳು, ಎರಡು ಸಲ ಹೇಳಿದಳು. ನನಗೆ ಎಲ್ಲಿ ಸಾಕು? ಸರ್ಕಾರದ ನರ್ಸು ಬಂದರೆ ಕ್ರಾಬ್‌ಟ್ರೀ ಮನೆಯವರು ಅಡುಗೆಮನೆಯಲ್ಲಿ ಕೂರಿಸಿದರು ಅಂತ ಬೀದಿಯಲ್ಲಿ ಆಡಿಕೊಳ್ಳಬೇಕಾ? ನಾನು ಏಪ್ರನ್ ಸರಿಮಾಡಿಕೊಂಡು, ದೊಡ್ಡ ರಾಣಿಯ ಹಾಗೆ ಮುಂದೆ ಹೋಗಿ ಬೀಗ ತೆಗೆದೆ.

ಚಾವಣಿಯ ಸುಣ್ಣದ ಗಾರೆ ನೀರು ಕುಡಿದು, ನೀರಿನ ಚೀಲದ ಹಾಗೆ ಜೋತುಬಿದ್ದಿತ್ತು. ಪಿಯಾನೊ ಮೇಲೆ ನೀರು ನಿಂತಿತ್ತು. ಕೆಳಗೆ ದಪ್ಪ ಕಾರ್ಪೆಟ್ಟು ಹನಿಗಳನ್ನೆಲ್ಲ ಸದ್ದಿಲ್ಲದೆ ಕುಡಿದದ್ದರಿಂದ ನನ್ನ ಚುರುಕು ಕಿವಿಗೂ ಏನೂ ಕೇಳಿಸಿರಲಿಲ್ಲ. ಎಷ್ಟು ಸೋರಿದರೂ ಕೊಳವೆಗಳಿಗೆ ನೀರು ಕೊಡುವ ಅಟ್ಟದ ಟ್ಯಾಂಕು ಅಷ್ಟನ್ನೂ ತುಂಬಿಸುತ್ತಾ ಇದ್ದದ್ದರಿಂದ ಮೇಲೆ ಬಿಸಿಯೂ ಕಡಿಮೆಯಾಗಿರಲಿಲ್ಲ. ನಾವು ಮೂವರೂ ನೋಡುತ್ತಿದ್ದ ಹಾಗೇ ಅರ್ಧ ಚಾವಣಿ ಕುಸಿದು ಬಿತ್ತು.

ಕ್ಲಿಫ್ ಓಡಿಹೋಗಿ ಬಾಯ್ಲರು ಆರಿಸಿ ನೀರು ನಿಲ್ಲಿಸಿದ. ಮಹಡಿಯ ಹಲಗೆ ಎತ್ತಿದರೆ, ಒಂದು ಸಂದಿಗೆ ಮಾತ್ರ ಬೆಂಕಿಯನ್ನೇ ತೋರಿಸಿರಲಿಲ್ಲ, ಬರಿದೇ ಸಿಕ್ಕಿಸಿದ್ದು ಹಾಗೇ ಉಳಿದಿತ್ತು. ಹತ್ತು ನಿಮಿಷದ ಕೆಲಸ, ಮಧ್ಯಾಹ್ನದೊಳಗೆ ಮತ್ತೆ ಬಿಸಿಯಾಗುತ್ತದೆ ಅಂತ ಅವನು ನರ್ಸಿನ ಮುಂದೆ ಗೋಗರೆದ, ಕೈಮುಗಿಯುವುದೊಂದು ಬಾಕಿ. ಅವಳಿಗೂ ಕಣ್ಣು ತುಂಬಿತ್ತು. ಆದರೆ ಕಾಗದ ಸಹಿಯಿಲ್ಲದೆ ಚೀಲಕ್ಕೆ ಹೋಯಿತು.

"ಬಿಸಿಯ ಪ್ರಶ್ನೆಯಲ್ಲಪ್ಪ, ಮನೆಯೆಲ್ಲ ಹಸಿ ಹಿಡಿದಿದೆ. ಆ ಎಳೇ ಶ್ವಾಸಕೋಶ ತಡೆಯಲ್ಲ. ಗಾರೆ ಆರಲಿ, ಎರಡು ವಾರ ಬಿಟ್ಟು ಬರ್ತೀನಿ."

ಎರಡು ವಾರ, ಅದೂ ಆ ವಾರ್ಡಿನಲ್ಲಿ. ನಿನ್ನೆಯೇ ಬೀಗ ತೆಗೆದಿದ್ದರೆ ಒಂದು ಅಂಗೈಯಗಲದ ಕಲೆ ಕಾಣುತ್ತಿತ್ತು ಅಷ್ಟೇ.

ಒಂದು ಗಂಟೆಯ ಬಸ್ಸಿಗೆ ಮೋರೀನ್ ಆಸ್ಪತ್ರೆಯಿಂದ ಬಂದಳು. ಬಾಗಿಲಲ್ಲೇ, ಇವತ್ತು ಮಗು ಬಾಟಲಿ ಪೂರ್ತಿ ಖಾಲಿ ಮಾಡಿತು ಅಂತ ಶುರು ಮಾಡಿದವಳು ಮುಂಗೋಣೆ ಕಡೆ ನೋಡಿ ನಿಂತಳು. ಏನಾಯಿತು ಅಂತ ಕ್ಲಿಫ್ ಹೇಳಿದ. ಅವಳು ಕೋಟು ಕೂಡ ಬಿಚ್ಚಲಿಲ್ಲ.

"ನಿನ್ನೆ ನೀರು ಬಿಟ್ಮೇಲೆ ಈ ಚಾವಣಿ ನೋಡ್ಲಿಲ್ವಾ ನೀನು?"

ಕ್ಲಿಫ್ ನನ್ನ ಕಡೆ ತಿರುಗಲೂ ಇಲ್ಲ.

"ಮರ್ತೋಯ್ತು ಕಣೆ."

"ಮರ್ತೋಯ್ತಾ? ನಮ್ಮ ಮಗು ಅಲ್ಲಿದೆ ಕ್ಲಿಫ್. ಮರ್ತೋಯ್ತಾ?"

ಅವಳು ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು. ಅವನು ತಡೆಯಲಿಲ್ಲ, ಸುಟ್ಟ ಬೆರಳುಗಳನ್ನು ಜೋತುಬಿಟ್ಟು ಹೊಡೆಸಿಕೊಂಡು ನಿಂತ. ಅವನು ಎರಡು ಸಲ ಕೇಳಿದ್ದ, ನಾನೇ ಬೀಗದ ಕೈ ಕೊಡಲಿಲ್ಲ, ಇಷ್ಟು ಹೇಳಿದ್ದರೆ ಸಾಕಿತ್ತು. ಅರವತ್ತಮೂರು ವರ್ಷ ಯಾರನ್ನೂ ಬಿಡದೆ ಅಂದ ಬಾಯಿ ನನ್ನದು. ನನ್ನ ಮಗಳು ಅವನನ್ನು ಹೊಡೆಯುತ್ತಿರುವುದನ್ನು ನೋಡುತ್ತಾ, ಆ ಮಾತನ್ನು ಗಂಟಲ ತನಕ ತಂದೆ. ಅವಳ ಕಣ್ಣು ನನ್ನ ಕಡೆ ಹೀಗೇ ತಿರುಗಿದರೆ ನಾನು ಎಲ್ಲಿಗೆ ಹೋಗಲಿ ಅನ್ನಿಸಿತು.

"ಚಹಾಕ್ಕೆ ನೀರಿಡ್ತೀನಿ," ಅಂದೆ.